ಆರು ಗಂಟೆ ಆಡಿದರೂ ಹೆನ್ರಿ ಒಬ್ಬನನ್ನೂ ಹೊಡೆದಿಲ್ಲ ಅಂದವರಿಗೆ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಕ್ಷಮಿಸಿ. ‘ಕಿಂಗ್‌ಡಮ್ ಕಮ್: ಡೆಲಿವರೆನ್ಸ್’ ಅನ್ನೋ ವಿಡಿಯೋ ಗೇಮ್ ಆರು ಗಂಟೆ ಆಡಿದ್ದೀರಿ, ಅದರ ನಾಯಕ ಹೆನ್ರಿ ಕೈಲಿ ಒಬ್ಬ ಡಕಾಯಿತನನ್ನೂ ಮಣಿಸೋಕೆ ಆಗಿಲ್ಲ, ಬೇಕಾದಾಗ ಸೇವ್ ಮಾಡೋಕೂ ಬಿಡ್ತಿಲ್ಲ. ಎಲ್ಲಿ ಬೇಕಾದರೂ ಸೇವ್ ಮಾಡೋಕೆ ಬಿಡುವ ‘ಮಾಡ್’ (ಆಟದ ನಿಯಮ ಬದಲಿಸೋಕೆ ಹೊರಗಿನವರು ಮಾಡಿದ ಸೇರ್ಪಡೆ) ಹಾಕಿಕೊಳ್ಳಲಾ, ಒಳ್ಳೆ ಕತ್ತಿ ಯಾವುದು, ಇಲ್ಲಾ ಇದನ್ನು ಬಿಟ್ಟು ಸೀದಾ ಎರಡನೇ ಭಾಗಕ್ಕೇ ಹೋಗಲಾ. ಇಷ್ಟೇ ಅಲ್ವಾ?

2020ರ ಲಾಕ್‌ಡೌನ್‌ನಲ್ಲಿ ಮೈಸೂರಿನ ನಮ್ಮ ಮನೆಯ ನಡುಮನೆಯಲ್ಲಿ, ಫ್ಯಾನಿನ ಕೆಳಗೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಾನೂ ಇದನ್ನೇ ಹುಡುಕುತ್ತಿದ್ದೆ. ಅಮ್ಮ ಹಿಂದಿನಿಂದ ಹಾದುಹೋಗುವಾಗಲೆಲ್ಲ ಪರದೆ ಮೇಲೆ ಹೆನ್ರಿ ನೆಲಕ್ಕೆ ಬಿದ್ದಿರುತ್ತಿದ್ದ. ಎರಡನೇ ದಿನವೋ ಮೂರನೇ ದಿನವೋ ಕೇಳಿಯೇಬಿಟ್ಟರು: “ಏನೋ ಇದು, ಯಾವಾಗ ನೋಡಿದ್ರೂ ಸಾಯ್ತಾನೇ ಇರ್ತೀಯಲ್ಲೋ? ಬೇರೆ ಆಟ ಇಲ್ವಾ?”

ಬೇರೆ ಆಟ ಇತ್ತು. ಅದೇ ನನ್ನ ತೊಂದರೆ. ಅದಕ್ಕೂ ಮುಂಚೆ ಆಡಿದ ಆಟಗಳಲ್ಲೆಲ್ಲ ನಾನು ಹುಟ್ಟುತ್ತಲೇ ವೀರ. ಮೊದಲ ಹತ್ತು ನಿಮಿಷದಲ್ಲಿ ತೋಳ, ಅರ್ಧ ಗಂಟೆಗೆ ರಾಕ್ಷಸ, ಸಂಜೆಯೊಳಗೆ ಡ್ರ್ಯಾಗನ್. ಇಲ್ಲಿ ಹೆನ್ರಿ ಸ್ಕಾಲಿಟ್ಸ್ ಅನ್ನುವ ಊರಿನ ಕಮ್ಮಾರನ ಮಗ. ತಡವಾಗಿ ಏಳುವವನು. ಅಪ್ಪ ಹೇಳುವ ಮೊದಲ ಕೆಲಸವೇ ಕುಲುಮೆಗೆ ಇದ್ದಿಲು ತಾ, ತಣ್ಣನೆ ಬಿಯರ್ ತಾ, ಕುಡುಕ ಕುನೆಶ್ ಕೊಡಬೇಕಾದ ಬಾಕಿ ವಸೂಲಿ ಮಾಡು ಅಂತ. ನಾನು ಕುನೆಶ್ ಹತ್ತಿರ ಬಾಕಿ ಕೇಳಲು ಹೋದೆ. ಅವನು ನನಗೆ ಎರಡು ಬಿಟ್ಟ. ನಾನು ಬಿದ್ದೆ. ಅವನ ಕೈಯಲ್ಲಿ ಕತ್ತಿ ಇಲ್ಲ, ಮೈಮೇಲೆ ಕವಚ ಇಲ್ಲ. ಒಬ್ಬ ಕುಡುಕ, ಅಷ್ಟೇ. ಆಟ ಅವತ್ತೇ ನನಗೆ ಹೇಳಬೇಕಾದ್ದನ್ನು ಹೇಳಿತ್ತು. ನಾನು ಕೇಳಿಸಿಕೊಳ್ಳಲಿಲ್ಲ.

ಹಿನ್ನೆಲೆ ಗೊತ್ತಿಲ್ಲದೆ ಆಡುತ್ತಿದ್ದರೆ ಚಿಕ್ಕದಾಗಿ ಹೇಳ್ತೀನಿ. ಕತೆ ನಡೆಯೋದು 1403ರ ಬೊಹೀಮಿಯದಲ್ಲಿ, ಅಂದರೆ ಇವತ್ತಿನ ಚೆಕ್ ದೇಶ. ದೊಡ್ಡ ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ 1378ರಲ್ಲಿ ತೀರಿಕೊಂಡ. ಮಗ ವೆನ್ಸೆಸ್ಲಾಸ್‌ಗೆ ರಾಜ್ಯಭಾರಕ್ಕಿಂತ ಕುಡಿತ, ಬೇಟೆ ಇಷ್ಟ. ಮಲತಾಯಿಯ ಮಗ ಸಿಗಿಸ್ಮಂಡ್, ಹಂಗೇರಿಯ ರಾಜ, 1402ರಲ್ಲಿ ಅಣ್ಣನನ್ನೇ ಹಿಡಿದು ಸೆರೆಯಲ್ಲಿಟ್ಟ. ಅವನ ಸೈನ್ಯ ಬೆಳ್ಳಿ ಗಣಿಯ ಊರು ಸ್ಕಾಲಿಟ್ಸ್ ಮೇಲೆ ಬೀಳುತ್ತದೆ. ಹೆನ್ರಿಯ ಅಪ್ಪ, ಅಮ್ಮ, ಕುಲುಮೆ ಎಲ್ಲ ಹೋಗುತ್ತವೆ. ಆಟದ ಊರುಗಳೆಲ್ಲ ನಿಜವಾದ ಊರುಗಳೇ. ಸ್ಕಾಲಿಟ್ಸ್, ಸಾಸಾವ್, ಹೆನ್ರಿ ಆಶ್ರಯ ಪಡೆಯುವ ರಾಟೈ, ಎಲ್ಲವೂ ಪ್ರಾಗ್‌ನ ಆಗ್ನೇಯಕ್ಕೆ ಈಗಲೂ ಇವೆ. ಮಾಡಿದ್ದು ಪ್ರಾಗ್‌ನ ವಾರ್‌ಹಾರ್ಸ್ ಸ್ಟುಡಿಯೋಸ್. ತಮ್ಮೂರಿನ ಕತೆಯನ್ನೇ ಮಾಡಿ, 2018ರ ಫೆಬ್ರವರಿಯಲ್ಲಿ ಬಿಟ್ಟರು.

ಈಗ ನನ್ನ ತಪ್ಪಿಗೆ ಬರ್ತೀನಿ. ಇದನ್ನು ನಿಧಾನವಾಗಿ ಹೇಳಬೇಕು, ಯಾಕಂದರೆ ನೀವು ಮಾಡ್ ಕೇಳ್ತಿರೋದೂ ಇದೇ ನೋವಿಗೆ.

ಈ ಆಟದಲ್ಲಿ ಸೇವ್ ಆಗೋದು ಕೆಲವೇ ರೀತಿಯಲ್ಲಿ. ಕತೆಯ ಕೆಲವು ಘಟ್ಟಗಳಲ್ಲಿ ತಾನಾಗಿ ಆಗುತ್ತದೆ. ನಿಮ್ಮದೇ ಹಾಸಿಗೆಯಲ್ಲಿ ಅಥವಾ ಬಾಡಿಗೆ ಕೊಟ್ಟ ಹಾಸಿಗೆಯಲ್ಲಿ ಮಲಗಿದರೆ ಆಗುತ್ತದೆ. ಇಲ್ಲದಿದ್ದರೆ ‘ಸೇವಿಯರ್ ಶ್ನಾಪ್ಸ್’ ಅನ್ನುವ ಹೆಂಡ ಕುಡಿಯಬೇಕು. ಅದು ಶುರುವಿನಲ್ಲಿ ದುಬಾರಿ. ಹೆನ್ರಿಯ ಜೇಬಲ್ಲಿ ನಾಲ್ಕು ಗ್ರೋಷನ್ (ಆಟದ ನಾಣ್ಯ) ಓಡಾಡುವ ಹೊತ್ತಿಗೆ ಒಂದು ಬಾಟಲಿಗೆ ನೂರರ ಹತ್ತಿರ ಕೇಳುತ್ತಾರೆ. ಕುಡಿದರೆ ಅಮಲೂ ಏರುತ್ತದೆ.

ನನ್ನ ಹತ್ತಿರ ಎರಡು ಬಾಟಲಿ ಇತ್ತು.

ಒಂದು ಬೆಳಗ್ಗೆ ರಾಟೈ ಊರಿನ ಹಿಟ್ಟಿನ ಗಿರಣಿಯಲ್ಲಿ, ಅಂದರೆ ಹೆನ್ರಿಯ ಹಾಸಿಗೆ ಇರುವ ಕಡೆ, ಎದ್ದು ಉಝಿಟ್ಸ್ ಊರಿಗೆ ಹೊರಟೆ. ಆಗ ಕುದುರೆ ಕೂಡ ಇರಲಿಲ್ಲ, ನಡೆದೇ ಹೋದೆ. ಯಾಕೆ ಹೋದೆ ಅಂದರೆ, ಹೆನ್ರಿಗೆ ಓದೋಕೆ ಬರಲ್ಲ. ಪುಸ್ತಕ ತೆರೆದರೆ ಅಕ್ಷರಗಳೆಲ್ಲ ಹಿಂದುಮುಂದಾಗಿ ಕಾಣುತ್ತವೆ. ಪದದ ಆಕಾರ ಗೊತ್ತಿರೋ ಹಾಗೇ ಇರುತ್ತೆ, ಅರ್ಥ ಮಾತ್ರ ಕೈಗೆ ಸಿಗಲ್ಲ. ನಮ್ಮಜ್ಜಿ ಬಸ್ ಸ್ಟ್ಯಾಂಡಿನಲ್ಲಿ ಬೋರ್ಡ್ ನೋಡಿ, ಪಕ್ಕದವರನ್ನು “ಇದು ನಂಜನಗೂಡಿಗೆ ಹೋಗುತ್ತೇನಪ್ಪಾ?” ಅಂತ ಕೇಳುತ್ತಿದ್ದರು. ಅವರಿಗೆ ಬೋರ್ಡ್ ಹೇಗೆ ಕಾಣುತ್ತಿತ್ತು ಅಂತ ನನಗೆ ಗೊತ್ತಾಗಿದ್ದು ಈ ಆಟದಲ್ಲಿ, ಅದೂ ಮೂವತ್ತು ದಾಟಿದ ಮೇಲೆ. ಉಝಿಟ್ಸ್‌ನಲ್ಲಿರುವ ಬರಹಗಾರ ದುಡ್ಡು ತಗೊಂಡು ಓದು ಕಲಿಸುತ್ತಾನೆ. ಇದ್ದ ಗ್ರೋಷನ್ ಎಲ್ಲ ಅವನಿಗೆ ಸುರಿದು ಪಾಠ ಕಲಿತೆ. ಆಮೇಲೆ ಒಂದು ಪುಟ ತೆರೆದು ನೋಡಿದರೆ, ಓದೋಕಾಗ್ತಿದೆ! ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ, ಅಷ್ಟು ಖುಷಿ.

ಇಲ್ಲಿ ಸೇವ್ ಮಾಡಬೇಕಿತ್ತು. ಆ ಊರಿನಲ್ಲೇ ಹೋಟೆಲ್ ಇದೆ. ಅದರ ಮುಂದೆಯೇ ನಡೆದು ಹೋದೆ. ಬಾಗಿಲಿನ ದೀಪ ಕಾಣಿಸಿತು, ಒಳಗೆ ಜನ ಮಾತಾಡೋದೂ ಕೇಳಿಸಿತು. ಕೆಲವು ಗ್ರೋಷನ್ ಕೊಟ್ಟು ಒಂದು ಗಂಟೆ ಮಲಗಿ ಎದ್ದಿದ್ದರೆ ಮುಗಿದಿತ್ತು. ಇದ್ದದ್ದೆಲ್ಲ ಬರಹಗಾರನಿಗೆ ಕೊಟ್ಟಾಗಿತ್ತಲ್ಲ ಅಂತ ಈಗ ನೀವು ಹೇಳಬಹುದು. ನಾನೂ ವರ್ಷಗಟ್ಟಲೆ ಅದೇ ಸಬೂಬು ಹೇಳಿಕೊಂಡೆ. ಆದರೆ ಚೀಲದಲ್ಲಿ ಮಾರೋಕೆ ಸಾಮಾನಿತ್ತು. ಅದನ್ನೂ ಬಿಡಿ, ಎರಡು ಬಾಟಲಿ ಇತ್ತು! ಯಾಕೆ ಕುಡಿಸಲಿಲ್ಲ? ‘ಮುಂದೆ ದೊಡ್ಡ ಕಾಳಗ ಬಂದಾಗ ಬೇಕಾಗುತ್ತೆ’ ಅಂತ. ಮದುವೆಗೆ ಉಡೋಣ ಅಂತ ಒಳ್ಳೆ ಸೀರೆಯನ್ನು ಬೀರುವಿನಲ್ಲಿ ಇಟ್ಟೇ ಜಿರಲೆಗೆ ತಿನ್ನಿಸಿದ ವಂಶ ನಮ್ಮದು. ಗಿರಣಿಗೆ ಹೋಗಿ ಮಲಗಿದರೆ ಸೇವ್ ಪುಕ್ಕಟೆ ಸಿಗುತ್ತಲ್ಲ, ಬಾಟಲಿ ಯಾಕೆ ದಂಡ ಮಾಡೋದು ಅಂದುಕೊಂಡೆ.

ವಾಪಸ್ ಬರುವ ದಾರಿಯಲ್ಲಿ ಕ್ಯೂಮನ್‌ಗಳೂ ಒಂದಿಬ್ಬರು ಸೈನಿಕರೂ ಬಡಿದಾಡಿಕೊಂಡು ಸತ್ತು ಬಿದ್ದಿದ್ದರು. ಸಿಗಿಸ್ಮಂಡ್‌ನ ಸೈನ್ಯದಲ್ಲಿದ್ದ ಈ ಕ್ಯೂಮನ್‌ಗಳ ಸರಪಳಿ ಅಂಗಿ, ಶಿರಸ್ತ್ರಾಣ, ಬಿಲ್ಲು, ಬೂಟು, ಎಲ್ಲ ಮಾರಿದರೆ ದೊಡ್ಡ ಗಂಟು. ನಾನು ಒಂದನ್ನೂ ಬಿಡಲಿಲ್ಲ. ಸತ್ತವನ ಚೀಲದ ಹಳಸಿದ ರೊಟ್ಟಿಯನ್ನೂ ಎತ್ತಿಕೊಂಡೆ. ಭಾರ ಮಿತಿ ಮೀರಿತು. ಮೀರಿದರೆ ಓಡೋಕಾಗಲ್ಲ, ನಕ್ಷೆಯಲ್ಲಿ ಒತ್ತಿ ದೂರ ಹಾರೋಕೂ ಆಗಲ್ಲ. ಮದುವೆ ಮನೆಯಿಂದ ಪಾತ್ರೆ ಹೊತ್ತು ಬರುವವನ ಹಾಗೆ ಒಂದೊಂದೇ ಹೆಜ್ಜೆ. ಅರ್ಧ ದಾರಿಯಲ್ಲಿ ಕತ್ತಲಾಯಿತು. ಏನೂ ಕಾಣದೆ ಪಂಜು ಹಚ್ಚಿದೆ. ಅಂದರೆ, ಕಾಡಿನಲ್ಲಿರುವವರಿಗೆಲ್ಲ ನಾನು ಕಾಣುವ ಹಾಗೆ ಮಾಡಿಕೊಂಡೆ.

ಮೂವರು ಬಂದರು. ಒಬ್ಬ ಎದುರಿಗೆ, ಇಬ್ಬರು ಪಕ್ಕಕ್ಕೆ. ಪಂಜು ಬಿಸಾಡಿ ಕತ್ತಿ ಎಳೆದೆ, ಮೌಸ್ ಬಟನ್ ಕುಟ್ಟಿದೆ. ನಾಲ್ಕನೇ ಬೀಸಿಗೆ ಸ್ಟ್ಯಾಮಿನಾ, ಅಂದರೆ ಹೆನ್ರಿಯ ದಮ್ಮು, ಖಾಲಿ. ಅದು ಖಾಲಿಯಾದರೆ ಪೆಟ್ಟು ಸೀದಾ ಜೀವಕ್ಕೇ. ಪರದೆ ಕೆಂಪಾಯಿತು, ಹೆನ್ರಿಯ ಉಸಿರು ಏದುಸಿರಾಯಿತು, ಹಿಂದಿನಿಂದ ಯಾರೋ ಒಂದು ಬಿಟ್ಟರು. ಬಿದ್ದೆ.

ಸೇವ್ ಪಟ್ಟಿ ತೆರೆದರೆ ಬೆಳಗ್ಗೆ ಗಿರಣಿಯಲ್ಲಿ ಮಲಗಿ ಎದ್ದದ್ದೇ ಕೊನೆಯದು. ನನ್ನ ಗಡಿಯಾರದ ಲೆಕ್ಕದಲ್ಲಿ ಮೂರೂವರೆ ಗಂಟೆಯ ಆಟ ಹೋಯಿತು. ಲೋಡ್ ಮಾಡಿ ಅದೇ ಪುಸ್ತಕ ತೆರೆದೆ. ಅಕ್ಷರ ಮತ್ತೆ ಕಲಸುಮೇಲೋಗರ. ದುಡ್ಡು ಹೋಗಿದ್ದಕ್ಕೆ, ಸರಪಳಿ ಅಂಗಿ ಹೋಗಿದ್ದಕ್ಕೆ ಅಷ್ಟು ಬೇಜಾರಾಗಲಿಲ್ಲ. ಓದು ಹೋಯಿತಲ್ಲ, ಅದಕ್ಕೆ ಲ್ಯಾಪ್‌ಟಾಪ್ ಮುಚ್ಚಿ ಎರಡು ವಾರ ಮುಟ್ಟಲಿಲ್ಲ. ಚೀಲದಲ್ಲಿ ಆ ಎರಡು ಬಾಟಲಿ ಮಾತ್ರ ಹಾಗೇ ಭದ್ರವಾಗಿದ್ದವು.

ಆಮೇಲೆ ನನ್ನನ್ನು ವಾಪಸ್ ಕರೆತಂದದ್ದು ದೊಡ್ಡಪ್ಪ. ಅವರಿಗೆ ಕಂಪ್ಯೂಟರ್ ಆನ್ ಮಾಡೋಕೂ ಬರಲ್ಲ. ಹುಡುಗರಾಗಿದ್ದಾಗ ಇಲ್ಲೇ ಮೈಸೂರಿನ ಗರಡಿಯಲ್ಲಿ ಸಾಮು ಮಾಡಿದವರು. ಫೋನಿನಲ್ಲಿ ಸುಮ್ನೆ ಮಾತಿಗೆ ಈ ಆಟದ ಗೋಳು ಹೇಳಿಕೊಂಡೆ. ಅವರು ಕೇಳಿದ್ದು ಒಂದೇ: “ನಿನ್ನ ಆ ಹುಡುಗನಿಗೆ ಉಸ್ತಾದ್ ಯಾರು?” ಯಾರೂ ಇಲ್ಲ ಅಂದೆ. “ಹಾಗಾದ್ರೆ ಹೊಡೆಸ್ಕೊಳ್ದೆ ಇನ್ನೇನ್ ಮಾಡ್ತಾನೆ? ಗರಡಿಗೆ ಸೇರಿದ ದಿನಾನೇ ಕುಸ್ತಿಗೆ ಬಿಡ್ತಾರೇನೋ? ಮಟ್ಟಿ ಅಗಿ, ದಂಡ ಹೊಡಿ, ಬಸ್ಕಿ ಹೊಡಿ. ಆಮೇಲೆ ಜೋಡಿ.”

ಉಸ್ತಾದ್ ಇದ್ದ. ರಾಟೈ ಊರಿನ ತಾಲೀಮು ಕಣದಲ್ಲಿ ಕ್ಯಾಪ್ಟನ್ ಬರ್ನಾರ್ಡ್ ಅಂತ ಒಬ್ಬ ನಿಂತಿರುತ್ತಾನೆ. ನಿಮಗೂ ಕತೆಯ ನಡುವೆ ಒಂದು ಸಲ ಪಾಠ ಹೇಳಿರುತ್ತಾನೆ. ನೀವು ನನ್ನ ಹಾಗೇ ‘ಸರಿ ಸರಿ ಗೊತ್ತಾಯ್ತು’ ಅಂತ ಓಡಿ ಬಂದಿರುತ್ತೀರಿ. ವಾಪಸ್ ಹೋಗಿ. ಅವನ ಜೊತೆ ಎಷ್ಟು ಸಲ ಬೇಕಾದರೂ ತಾಲೀಮು ಮಾಡಬಹುದು, ಸಾಯೋ ಭಯ ಇಲ್ಲ. ನಾನು ಮೂರು ಸಂಜೆ ಅದನ್ನೇ ಮಾಡಿದೆ. ಮೊದಲ ಸಂಜೆ ಒಂದು ಏಟೂ ಬೀಸಲಿಲ್ಲ, ಬರೀ ತಡೆದೆ. ಅವನ ಹೊಡೆತ ಬರುವ ಕ್ಷಣಕ್ಕೆ ಪರದೆಯಲ್ಲಿ ಹಸಿರು ಗುರಾಣಿಯ ಗುರುತು ಮಿಂಚುತ್ತದೆ, ಆಗ ಬಟನ್ ಒತ್ತಿದರೆ ಪೂರ್ತಿ ತಡೆ. ಎರಡನೇ ಸಂಜೆ ಗುರುತು ನೋಡೋದು ಬಿಟ್ಟು ಅವನ ಭುಜ ನೋಡೋಕೆ ಶುರು ಮಾಡಿದೆ. ಭುಜ ಮೊದಲು ಹೇಳುತ್ತದೆ, ಕತ್ತಿ ಆಮೇಲೆ ಬರುತ್ತದೆ. ‘ಮಾಸ್ಟರ್ ಸ್ಟ್ರೈಕ್’ ಅನ್ನುವ ತಿರುಗೇಟನ್ನೂ ಅವನೇ ಕಲಿಸುತ್ತಾನೆ, ಕೇಳಿ ಕಲಿತುಕೊಳ್ಳಿ. ಹೆನ್ರಿಯ ಅಂಕಿಗಳೂ ಏರಿದವು ಅನ್ನಿ. ಆದರೆ ಜಾಸ್ತಿ ಏರಿದ್ದು ನನ್ನದೇ ಕೈ.

ಇದರಿಂದ ನಿಮ್ಮ ‘ಒಳ್ಳೆ ಕತ್ತಿ ಯಾವುದು’ ಅನ್ನುವ ಪ್ರಶ್ನೆಯನ್ನು ನಾನು ಒಪ್ಪಲ್ಲ. ತಾಲೀಮಿಲ್ಲದ ಹೆನ್ರಿಗೆ ರಾಜನ ಕತ್ತಿ ಕೊಟ್ಟರೂ ಅದು ಡಕಾಯಿತರಿಗೆ ನೀವು ಕೊಡುವ ಉಡುಗೊರೆ. ಕೇಳಲೇಬೇಕು ಅಂದರೆ ಕೇಳಿ: ಮೈತುಂಬಾ ತಗಡಿನ ಕವಚ ಹಾಕಿದವನಿಗೆ ಕತ್ತಿ ಸರಿಯಾಗಿ ನಾಟಲ್ಲ. ಅವನಿಗೆ ಬೇಕಿರೋದು ಗದೆ. ನಮ್ಮ ಭೀಮನಿಗೆ ಗೊತ್ತಿದ್ದದ್ದೇ.

ಮಾಡ್ ವಿಷಯ. ಬೇಡ. ನಿಮ್ಮ ಆಟ, ನಿಮ್ಮ ಇಷ್ಟ, ಆದರೂ ಬೇಡ. ಎಲ್ಲಿ ಬೇಕಾದರೂ ಸೇವ್ ಮಾಡಬಹುದು ಅಂದರೆ ಕತ್ತಲಾದ ಮೇಲೆ ಕಾಡುದಾರಿ ಹಿಡಿಯೋಕೆ ಹಿಂಜರಿಕೆಯೇ ಇರಲ್ಲ. ಮೂವರು ಎದುರಾದರೆ ಹತ್ತು ಸಲ ಲೋಡ್ ಮಾಡಿ ಹನ್ನೊಂದನೇ ಸಲ ಗೆಲ್ಲುತ್ತೀರಿ, ಏನೂ ಕಲಿತಿರಲ್ಲ. ಮೂವರು ಕಂಡರೆ ಓಡಬೇಕು. ಓಡೋದು ಈ ಆಟದಲ್ಲಿ ಅವಮಾನ ಅಲ್ಲ. ಕರೆಂಟ್ ಹೋಗುತ್ತೆ, ಮಗು ಅಳುತ್ತೆ, ಏಳಲೇಬೇಕು ಅನ್ನೋದು ನಿಮ್ಮ ಕಷ್ಟವಾದರೆ ಅದಕ್ಕೆ ‘ಸೇವ್ ಆಂಡ್ ಎಕ್ಸಿಟ್’ ಇದೆ. ಆಟ ಬಂದ ಮೇಲೆ ಸೇರಿಸಿದರು. ಮೆನುವಿನಲ್ಲಿ ಒತ್ತಿ ಹೊರಗೆ ಬನ್ನಿ, ಮತ್ತೆ ಬಂದಾಗ ಅಲ್ಲಿಂದಲೇ ಶುರು. ನಮ್ಮ ಏರಿಯಾದಲ್ಲಿ ಮೋಡ ಕಟ್ಟಿದರೆ ಸಾಕು, ನನ್ನ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತದೆ.

ಬಾಟಲಿ ದುಬಾರಿ ಅನ್ನಿಸಿದರೆ ನೀವೇ ಕಾಯಿಸಿ. ವೈನ್‌ಗೆ ನೆಟಲ್ ಮತ್ತು ಬೆಲ್ಲಡೋನ (ಒಂದು ವಿಷದ ಗಿಡ) ಹಾಕಬೇಕು. ನೆಟಲ್ ಅಂದರೆ ಮುಟ್ಟಿದರೆ ತುರಿಸುವ ಗಿಡ, ಊರಂಚಿನಲ್ಲಿ ಧಾರಾಳವಾಗಿ ಸಿಗುತ್ತದೆ. ಸೊಪ್ಪು ಕೀಳುತ್ತಾ ಅರ್ಧ ದಿನ ಕಳೆದರೆ ಬೇಜಾರು ಮಾಡಿಕೊಳ್ಳಬೇಡಿ. ನನಗಂತೂ ಈ ಆಟದಲ್ಲಿ ಬೆಳಗಿನ ಬಿಸಿಲಲ್ಲಿ ಸೊಪ್ಪು ಕಿತ್ತದ್ದೇ ಕಾಳಗಗಳಿಗಿಂತ ಚೆನ್ನಾಗಿ ನೆನಪಿದೆ.

ಎರಡನೇ ಭಾಗ 2025ರ ಫೆಬ್ರವರಿಯಲ್ಲಿ ಬಂತು. ಚೆನ್ನಾಗಿದೆ, ಕುಟ್ಟೆನ್‌ಬರ್ಗ್ ಪಟ್ಟಣದ ಬೀದಿಗಳಲ್ಲಿ ಸುಮ್ನೆ ಅಡ್ಡಾಡಿದರೂ ಸಾಕು. ಆದರೆ ಕತೆ ಮೊದಲನೆಯದು ನಿಂತ ಕಡೆಯಿಂದಲೇ ಮುಂದುವರಿಯುತ್ತದೆ, ಹೆನ್ರಿಯೂ ಅವನೇ. ಕುನೆಶ್ ಕೈಲಿ ಏಟು ತಿನ್ನದವರಿಗೆ ಅಲ್ಲಿ ಅವನ ಮೇಲೆ ಅಕ್ಕರೆ ಎಲ್ಲಿಂದ ಬರಬೇಕು? ಮತ್ತೆ, ಅಲ್ಲೂ ಸೇವ್‌ಗೆ ಇದೇ ಹೆಂಡ. ತಪ್ಪಿಸಿಕೊಂಡು ಹೋಗೋಕೆ ಜಾಗ ಇಲ್ಲ.

ನಾನು ಮೊದಲ ಸಲ ಗೆದ್ದದ್ದು ಬರ್ನಾರ್ಡ್ ಹತ್ತಿರ ತಾಲೀಮು ಮುಗಿಸಿದ ನಾಲ್ಕನೇ ದಿನ. ದಾರಿಯಲ್ಲಿ ಒಬ್ಬನೇ ಒಬ್ಬ ಡಕಾಯಿತ, ಕೈಯಲ್ಲಿ ಕೊಡಲಿ. ಎರಡು ತಡೆದೆ, ಮೂರನೆಯದಕ್ಕೆ ತಿರುಗೇಟು. ಕೊಡಲಿ ಬಿಸಾಡಿ ‘ಬಿಟ್ಟುಬಿಡು’ ಅಂದ. ಅಮ್ಮನನ್ನು ಕೂಗಿ ಕರೆದು ತೋರಿಸಿದೆ. ನೋಡಿ, “ಪಾಪ, ಬಿಟ್ಬಿಡೋ” ಅಂದರು. ಬಿಟ್ಟೆ. ಅವನ ಬೂಟು ಮಾತ್ರ ಇಸ್ಕೊಂಡಿದ್ರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತೆ.

ಅಂದಹಾಗೆ, ನಿಮ್ಮ ಚೀಲದಲ್ಲಿ ಶ್ನಾಪ್ಸ್ ಎಷ್ಟಿದೆ ಅಂತ ನೀವು ಬರೆದಿಲ್ಲ. ಎರಡಿದ್ದರೆ ಒಂದನ್ನು ಈಗಲೇ ಕುಡಿಸಿ, ಆಮೇಲೆ ಬರ್ನಾರ್ಡ್ ಹತ್ತಿರ ಹೋಗಿ.