ಚಪ್ಪಡಿಯ ಕೆಳಗಿನ ರಾಜಕಾಲುವೆ

ಪ್ರಶ್ನೆ: ವಿಲ್ಸನ್ ಗಾರ್ಡನ್ ಬಳಿ ನಮ್ಮ ಅಡ್ಡರಸ್ತೆಯ ಕೊನೆಯಲ್ಲಿ ಚಪ್ಪಡಿ ಹಾಸಿದ ದೊಡ್ಡ ಮೋರಿಯೊಂದಿದೆ. ಹಿರಿಯರು ಅದನ್ನು ‘ರಾಜಕಾಲುವೆ’ ಎನ್ನುತ್ತಾರೆ. ಇದನ್ನು ತೋಡಿಸಿದ ರಾಜ ಯಾರು? ಮಳೆನೀರಿನ ಕಾಲುವೆಯಾದರೆ ಬೇಸಿಗೆಯಲ್ಲೂ ನೊರೆನೀರು ಹರಿಯುವುದೇಕೆ?

ಉತ್ತರ: ಈ ‘ರಾಜ’ನಿಗೆ ಸಿಂಹಾಸನವಿಲ್ಲ. ರಾಜಬೀದಿ ಎಂಬಲ್ಲಿ ಇರುವಂತೆ ಇಲ್ಲಿಯೂ ಆ ಪದಕ್ಕೆ ‘ಮುಖ್ಯ’ ಎಂದೇ ಅರ್ಥ. ಸಣ್ಣ ಕಾಲುವೆಗಳೆಲ್ಲ ಬಂದು ಕೂಡುವ ಹಿರಿಯ ಕಾಲುವೆಯೇ ರಾಜಕಾಲುವೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಪಶ್ಚಿಮದ ಇಳಿಜಾರಿಗೆ ಬಿದ್ದ ಮಳೆ ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರಿದರೆ, ಹೆಬ್ಬಾಳ, ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ನೀರು ಪೂರ್ವಕ್ಕಿಳಿದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಈ ಇಳಿಜಾರುಗಳಲ್ಲಿ ಹಿಂದಿನವರು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದಾಗ ಆ ನೀರನ್ನು ಕೆಳಗಿನ ಕೆರೆಗೆ ಒಯ್ಯುತ್ತಿದ್ದ ಹಳ್ಳವೇ ಇಂದಿನ ರಾಜಕಾಲುವೆ. ವರ್ಷದ ಬಹುಕಾಲ ಅದು ಒಣಗಿಯೇ ಇರುತ್ತಿತ್ತು. ತೂಬು, ಕಾಲುವೆಗಳನ್ನು ನೋಡಿಕೊಳ್ಳಲು ನೀರುಗಂಟಿ ಇರುತ್ತಿದ್ದ.

1890ರ ದಶಕದಲ್ಲಿ ಹೆಸರಘಟ್ಟದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಊರೊಳಗಿನ ಕೆರೆಗಳ ಹಂಗು ತಪ್ಪಿತು. ಮುಂದೆ ಧರ್ಮಾಂಬುಧಿ ಕೆರೆಯ ಜಾಗ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ. ನಡುನಡುವೆ ತಂಗುತ್ತಿದ್ದ ನೀರು ಒಂದೇ ಓಟಕ್ಕೆ ಕೆಳಗಿಳಿಯತೊಡಗಿತು. ಹಳ್ಳದ ದಂಡೆಗೆ ಕಲ್ಲಿನ ಗೋಡೆ, ಆಮೇಲೆ ಕಾಂಕ್ರೀಟು, ಜಾಗದ ಬೆಲೆ ಏರಿದಲ್ಲಿ ಮೇಲೊಂದು ಚಪ್ಪಡಿ ಬಂದವು. ನಿಮ್ಮ ಕಡೆ ಹಾಯುವ ಮುಖ್ಯ ಕಾಲುವೆ ಮೆಜೆಸ್ಟಿಕ್ ಕಡೆಯಿಂದ ಹೊರಟು ಶಾಂತಿನಗರದ ಮೂಲಕ ಬೆಳ್ಳಂದೂರು ಕೆರೆಗೆ ಹೋಗುತ್ತದೆ. ಪಾಲಿಕೆಯ ಕಡತಗಳಲ್ಲಿ ಅದರ ಹೆಸರು ‘ಕೆ-100’.

ನೊರೆನೀರಿಗೂ ಇಳಿಜಾರೇ ಕಾರಣ. ಒಳಚರಂಡಿಯೂ ಪಂಪಿನ ನೆರವಿಲ್ಲದೆ ಹರಿಯಬೇಕಾದರೆ ತಗ್ಗಿನಲ್ಲೇ ಸಾಗಬೇಕು. ಹಾಗಾಗಿ ಅದರ ದೊಡ್ಡ ಕೊಳವೆಗಳನ್ನು ಕಾಲುವೆಯ ಮಗ್ಗುಲಲ್ಲಿ, ಕೆಲವೆಡೆ ಕಾಲುವೆಯೊಳಗೇ ಹಾಕಲಾಗಿದೆ. ಮೋರಿಯ ನಡುವೆ ಬಾವಿಕಟ್ಟೆಯಂತೆ ಎದ್ದು ನಿಂತ ದುಂಡನೆಯ ಮ್ಯಾನ್‌ಹೋಲ್‌ಗಳನ್ನು ನೀವು ನೋಡಿರಬಹುದು. ಅವು ಕಟ್ಟಿಕೊಂಡರೆ ಬಚ್ಚಲಿನ ಸಾಬೂನು ನೀರು ಕಾಲುವೆಗೆ ಉಕ್ಕುತ್ತದೆ. ಮನೆಯ ಕೊಳವೆಯನ್ನು ನೇರವಾಗಿ ಕಾಲುವೆಗೇ ತಿರುಗಿಸಿದವರೂ ಇದ್ದಾರೆನ್ನಿ. ಕೊಳಚೆನೀರು 1964ರಲ್ಲಿ ರಚನೆಯಾದ ಜಲಮಂಡಳಿಗೆ, ಮಳೆನೀರು ಪಾಲಿಕೆಗೆ ಎಂಬ ಪಾಲುಪಟ್ಟಿ ಕಾಗದದ ಮೇಲೆ ಸರಿಯಾಗಿಯೇ ಇದೆ. ಚಪ್ಪಡಿಯ ಕೆಳಗೆ ಎರಡೂ ಒಂದೇ.

ಪ್ರಶ್ನೆ: ಕಾಲುವೆಯಿಂದ ಎಷ್ಟು ದೂರದಲ್ಲಿ ಮನೆ ಕಟ್ಟಬೇಕೆಂಬುದರ ಬಗ್ಗೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರಲ್ಲ?

ಉತ್ತರ: ನಿಯಮ ಬದಲಾಗುತ್ತ ಬಂದದ್ದೇ ಅದಕ್ಕೆ ಕಾರಣ. ಕಾಲುವೆಯ ದರ್ಜೆಗೆ ತಕ್ಕಂತೆ 50, 35, 25 ಮೀಟರ್ ಬಿಡಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಆದೇಶಿಸಿತ್ತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ನಿವೇಶನ ಕೊಳ್ಳುವ ಮುನ್ನ ಈಗಿನ ಅಂತರವನ್ನು ಯೋಜನಾ ಪ್ರಾಧಿಕಾರದಲ್ಲಿ ವಿಚಾರಿಸುವುದರ ಜೊತೆಗೆ ಕಂದಾಯ ಇಲಾಖೆಯ ಹಳೆಯ ಗ್ರಾಮನಕ್ಷೆಯನ್ನೂ ತೆಗೆಸಿ ನೋಡಿ. ನೆಲದ ಮೇಲೆ ಕಾಣದ ಹಳ್ಳ ಆ ನಕ್ಷೆಯಲ್ಲಿ ಗೆರೆಯಾಗಿ ಉಳಿದಿರುವುದುಂಟು.