ಟಿಕ್ ಟಿಕ್ ಅನ್ನೋ ಡಿಸ್ಕನ್ನು ಕ್ಲೋನ್ ಮಾಡುವ ಮೊದಲು

ನಮಸ್ಕಾರ ಸರ್. ಡಿಟಿಪಿ ಅಂಗಡಿಯ ವಿಂಡೋಸ್ 7 ಕಂಪ್ಯೂಟರಿನ 320 ಜಿಬಿ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತಿದೆ, ಅದನ್ನು ಹಾಗೇ 240 ಜಿಬಿ ಎಸ್‌ಎಸ್‌ಡಿಗೆ (ತಿರುಗುವ ಭಾಗಗಳಿಲ್ಲದ ಡಿಸ್ಕ್) ಕ್ಲೋನ್, ಅಂದರೆ ಯಥಾವತ್ತು ನಕಲು, ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಆದರೆ ಮೊದಲು ಕೆಲಸದ ಫೈಲ್‌ಗಳನ್ನು ಹೊರಗೆ ತೆಗೆದಿಡಿ.

ಕ್ಲೋನ್ ಅಂದರೆ ಡಿಸ್ಕ್ ಗಂಟೆಗಟ್ಟಲೆ ಬಿಡದೆ ಓಡಬೇಕು. ಯುಎಸ್‌ಬಿ 2ರಲ್ಲಿ ಸೆಕೆಂಡಿಗೆ 30 ಎಂಬಿ ಸಿಕ್ಕರೂ 320 ಜಿಬಿಗೆ ಮೂರು ಗಂಟೆ. ಅಷ್ಟರಲ್ಲಿ ಅದು ಕೈಕೊಟ್ಟರೆ? ನಿಮ್ಮ ಪ್ರಶ್ನೆಗೆ ಒಬ್ಬರು ಚೆಕ್‌ಡಿಸ್ಕ್ (ಡಿಸ್ಕ್‌ನ ತಪ್ಪು ಹುಡುಕಿ ಸರಿಪಡಿಸುವ ವಿಂಡೋಸ್ ಸಾಧನ) ಓಡಿಸಿ ಅಂದಿದ್ದಾರೆ, ದಯವಿಟ್ಟು ಬೇಡ. ಚದುರಿದ ಫೈಲ್‌ಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಕೂಡ ಬೇಡ. ಕೆಟ್ಟಿರುವ ಡಿಸ್ಕ್ ಮೇಲೆ ಸುಮ್ನೆ ಬರೆಸಿದಷ್ಟೂ ಅಪಾಯ ಜಾಸ್ತಿ.

ಫೈಲ್ ಜೊತೆ ಫಾಂಟ್‌ಗಳನ್ನೂ ತೆಗೆದುಕೊಳ್ಳಿ. ಇದನ್ನು ಎಲ್ಲರೂ ಮರೆಯುತ್ತಾರೆ. ಯೂನಿಕೋಡ್ ಅಲ್ಲದ ಹಳೇ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಲಗ್ನಪತ್ರಿಕೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಸಿ ಡ್ರೈವ್, ವಿಂಡೋಸ್, ಫಾಂಟ್ಸ್ ಫೋಲ್ಡರ್. ಪೂರ್ತಿ ಕಾಪಿ ಮಾಡಿ.

ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ, ಕೆಟ್ಟ ಸೆಕ್ಟರ್‌ಗಳ (ಡಿಸ್ಕ್‌ನ ಪುಟ್ಟ ಪುಟ್ಟ ಭಾಗಗಳ) ಲೆಕ್ಕ ಕೊಡುವ 05 ಮತ್ತು ಸಿ5 ಸಾಲುಗಳ ಕೊನೆಯ ಅಂಕಣ ನೋಡಿ. ಎರಡೂ ಸೊನ್ನೆ ಇದ್ದರೆ ಕ್ಲೋನ್ ಮಾಡಲು ಕ್ಲೋನ್‌ಜಿಲ್ಲಾ ಅನ್ನೋ ತಂತ್ರಾಂಶ ಸಾಕು. ಸಿ5ರಲ್ಲಿ ಏನಾದರೂ ಸಂಖ್ಯೆ ಇದ್ದರೆ ಓದಲಾಗದ ಸೆಕ್ಟರ್‌ಗಳಿವೆ ಅಂತ ಅರ್ಥ. ಆಗ ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕ್‌ನಿಂದ ಡೇಟಾ ಎತ್ತುವ ಡಿಡಿರೆಸ್ಕ್ಯೂ ತಂತ್ರಾಂಶ ಬಳಸಿ. ಅದು ಸಲೀಸಾಗಿ ಬರುವುದನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಹಿಡಿದ ಸೆಕ್ಟರ್‌ಗಳನ್ನು ಕೊನೆಗೆ ಇಟ್ಟುಕೊಳ್ಳುತ್ತದೆ. ಎಲ್ಲಿವರೆಗೆ ಆಯ್ತು ಅನ್ನುವುದನ್ನು ಮ್ಯಾಪ್ ಫೈಲ್‌ನಲ್ಲಿ ಬರೆದಿಡುತ್ತದೆ. ಆ ಫೈಲನ್ನು ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಉಳಿಸಿ. ಮಧ್ಯೆ ಕರೆಂಟ್ ಹೋದರೂ ಅಲ್ಲಿಂದಲೇ ಮುಂದುವರಿಸಬಹುದು.

240 ಜಿಬಿ ಬೇಡ, 480 ಅಥವಾ 500 ತಗೊಳ್ಳಿ. ಚಿಕ್ಕದಕ್ಕೆ ಹಾಕಬೇಕಾದರೆ ಮೊದಲು ಪಾರ್ಟಿಷನ್ (ಸಿ, ಡಿ ಥರದ ವಿಭಾಗ) ಕುಗ್ಗಿಸಬೇಕು. ಈ ಸ್ಥಿತಿಯ ಡಿಸ್ಕ್‌ನಲ್ಲಿ ಆ ಸಾಹಸ ಯಾಕೆ ಅಲ್ವಾ?

ಕ್ಲೋನ್ ಒತ್ತುವ ಮೊದಲು ಎರಡೂ ಡಿಸ್ಕ್‌ಗಳ ಸೀರಿಯಲ್ ನಂಬರ್ ಚೀಟಿಯಲ್ಲಿ ಬರೆದುಕೊಳ್ಳಿ. ‘ಇದರಿಂದ’, ‘ಇದಕ್ಕೆ’ ಅಂತ. ನಾನು ಒಮ್ಮೆ ಉಲ್ಟಾ ಮಾಡಿದ್ದೇನೆ. ಎರಡೂ 500 ಜಿಬಿ, ಒಂದೇ ಕಂಪನಿಯವು. ಖಾಲಿ ಡಿಸ್ಕನ್ನು ತುಂಬಿದ ಡಿಸ್ಕ್ ಮೇಲೆ ಬರೆಯಲು ಕೊಟ್ಟು, ಆರಾಮಾಗಿ ಚಹಾ ಕುಡಿಯಲು ಹೋಗಿದ್ದೆ. ವಾಪಸ್ ಬಂದಾಗ ನಮ್ಮಪ್ಪನ ತೋಟದ ಫೋಟೋ ಒಂದೂ ಇರಲಿಲ್ಲ.

ಮುಗಿದ ಮೇಲೆ ಶಟ್‌ಡೌನ್ ಮಾಡಿ, ಹಳೇ ಡಿಸ್ಕಿನ ಕೇಬಲ್ ಬಿಚ್ಚಿ, ಎಸ್‌ಎಸ್‌ಡಿ ಒಂದನ್ನೇ ಹಾಕಿ ಬೂಟ್ ಮಾಡಿ. ಎರಡೂ ಒಟ್ಟಿಗೆ ಇದ್ದರೆ ಎರಡಕ್ಕೂ ಒಂದೇ ಗುರುತು, ವಿಂಡೋಸ್ ಗೊಂದಲಕ್ಕೆ ಬೀಳುತ್ತದೆ. ಬಯಾಸ್‌ನಲ್ಲಿ (ವಿಂಡೋಸ್‌ಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪರದೆ) ಡಿಸ್ಕ್ ಜೋಡಣೆಯ ವಿಧಾನ ಐಡಿಇ ಅಂತ ಇದ್ದದ್ದನ್ನು ಎಎಚ್‌ಸಿಐಗೆ ಬದಲಿಸಬೇಡಿ, ವಿಂಡೋಸ್ ಶುರುವಾಗದೆ ನೀಲಿ ಪರದೆ ಬರಬಹುದು. ಹಳೇ ಡಿಸ್ಕನ್ನು ಫಾರ್ಮ್ಯಾಟ್ ಮಾಡದೆ ಒಂದೆರಡು ತಿಂಗಳು ಬೀರುವಿನಲ್ಲಿಡಿ.

ಸಿ5ರಲ್ಲಿ ಎಷ್ಟು ತೋರಿಸುತ್ತಿದೆ ಅಂತ ಫೋಟೋ ಹಾಕಿ. ಡಿಡಿರೆಸ್ಕ್ಯೂ ಬೇಕಾದರೆ ಕಮಾಂಡ್ ಬರೆದುಕೊಡುತ್ತೇನೆ.