ಗಂಗಾಜಲದ ವೈರಸ್ ಕುಡಿದರೆ ಸೋಂಕು ವಾಸಿಯಾಗುತ್ತದೆಯೇ?

ನಿಮ್ಮ ತಂದೆಯವರ ಮೂತ್ರದ ಸೋಂಕು ಎರಡು ಆ್ಯಂಟಿಬಯಾಟಿಕ್‌ಗೂ ಬಗ್ಗಿಲ್ಲ, ಬ್ಯಾಕ್ಟೀರಿಯಾ ತಿನ್ನುವ ವೈರಸ್ ಗಂಗಾಜಲದಲ್ಲಿ ಇದೆಯಂತೆ, ಮನೆಯಲ್ಲಿ ಒಂದು ಬಾಟಲಿ ಇದೆ, ಕುಡಿಸಬಹುದೇ ಎಂದು ಕೇಳಿದ್ದೀರಿ. ಬೇಡ. ನಾನು ಧಾರವಾಡದವಳು, ಪುಣೆಯಲ್ಲಿ ಒಂಬತ್ತು ವರ್ಷಗಳಿಂದ ಈ ವೈರಸ್‌ಗಳ ಬೆನ್ನು ಹತ್ತಿದ್ದೇನೆ. ಬೇಡ ಎನ್ನುವುದಕ್ಕೆ ಕಾರಣವಿದೆ.

ಗಂಗಾ, ಯಮುನಾ ನೀರಿನಲ್ಲಿ ಕಾಲರಾ ರೋಗಾಣು ಸಾಯುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲಿ ಬರೆದದ್ದು ನಿಜ. ಆದರೆ ಬ್ಯಾಕ್ಟೀರಿಯೋಫೇಜ್ (ಚಿಕ್ಕದಾಗಿ ಫೇಜ್) ಎಂಬ ಈ ಬ್ಯಾಕ್ಟೀರಿಯಾ ಕೊಲ್ಲುವ ವೈರಸ್‌ನ ಸುಳಿವು ಸಿಕ್ಕಿದ್ದು 1915ರಲ್ಲಿ ಟ್ವಾರ್ಟ್, 1917ರಲ್ಲಿ ಡೆರೆಲ್ ಎಂಬ ವಿಜ್ಞಾನಿಗಳಿಗೆ. ಅದು ಗಂಗೆಯೊಬ್ಬಳ ಸೊತ್ತೂ ಅಲ್ಲ. ಬ್ಯಾಕ್ಟೀರಿಯಾ ಇದ್ದಲ್ಲೆಲ್ಲ ಫೇಜ್ ಇರುತ್ತದೆ, ಚರಂಡಿಯಲ್ಲಂತೂ ಧಾರಾಳ. ನಾನು ನೀರು ತರುವುದು ಪುಣೆಯ ಮುಳಾ-ಮುಠಾ ನದಿಯ ದಂಡೆಯಿಂದ, ಮೂಗು ಮುಚ್ಚಿಕೊಂಡು. (ಇದೇ ನೀರು ಭೀಮೆಯನ್ನು ಸೇರಿ ನಮ್ಮ ಕಲಬುರಗಿಯ ಕಡೆ ಹರಿಯುತ್ತದೆ, ಅದನ್ನು ನೆನೆದರೆ ಸಂಕಟವಾಗುತ್ತದೆ.)

ಆ ನೀರನ್ನು 0.22 ಮೈಕ್ರಾನ್ ರಂಧ್ರದ ಸೋಸುಕದಲ್ಲಿ ಸೋಸಿದರೆ ಬ್ಯಾಕ್ಟೀರಿಯಾ ಮೇಲೆ ಉಳಿಯುತ್ತದೆ, ಫೇಜ್ ಕೆಳಗಿಳಿಯುತ್ತದೆ. ಕೆಳಗಿಳಿದ ನೀರಿಗೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈ ಬೆರೆಸಿ, ತೆಳು ಅಗರ್‌ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಜೊತೆ ತಟ್ಟೆಗೆ ಸುರಿದು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುತ್ತೇನೆ. ಬೆಳಿಗ್ಗೆ ಬ್ಯಾಕ್ಟೀರಿಯಾದ ಮಬ್ಬು ಪದರದ ಮೇಲೆ ಅಲ್ಲಲ್ಲಿ ತಿಳಿಯಾದ ತೂತುಗಳು, ಕಾವಲಿಯ ಮೇಲಿನ ದೋಸೆ ಕಣ್ಣು ಬಿಟ್ಟಂತೆ; ಅಲ್ಲಿ ಫೇಜ್ ಬ್ಯಾಕ್ಟೀರಿಯಾವನ್ನು ಕೊಂದಿದೆ. ಟಿ4 ಎಂಬ ಫೇಜ್ ತನ್ನ ಡಿಎನ್‌ಎಯನ್ನು ಬ್ಯಾಕ್ಟೀರಿಯಾದ ಒಳಗೆ ಚುಚ್ಚಿದ ಸುಮಾರು ಅರ್ಧ ಗಂಟೆಯಲ್ಲಿ ಆ ಬ್ಯಾಕ್ಟೀರಿಯಾ ಒಡೆದು ನೂರಕ್ಕೂ ಹೆಚ್ಚು ಮರಿ ಫೇಜ್‌ಗಳು ಹೊರಬರುತ್ತವೆ.

ನನ್ನ ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ತಟ್ಟೆಯನ್ನು ಇನ್ನೆರಡು ದಿನ ಬಿಟ್ಟರೆ ಕೆಲವು ತೂತುಗಳ ಒಳಗೆ ಬ್ಯಾಕ್ಟೀರಿಯಾದ ಸಣ್ಣ ಚುಕ್ಕೆಗಳು ತಲೆ ಎತ್ತುತ್ತವೆ. ಮೊದಲ ವರ್ಷ ನನ್ನ ಕೈಯ ಅಶುದ್ಧಿಯೇ ಕಾರಣವೆಂದುಕೊಂಡು ಹತ್ತಾರು ತಟ್ಟೆ ಎಸೆದಿದ್ದೆ; ಗುರುಗಳಿಂದ ಚೆನ್ನಾಗಿ ಬೈಗುಳವೂ ಸಿಕ್ಕಿತು. ನಿಜಕ್ಕೂ ಆ ಚುಕ್ಕೆಗಳು ಫೇಜ್‌ಗೆ ಮಣಿಯದೆ ಉಳಿದ ಬ್ಯಾಕ್ಟೀರಿಯಾಗಳು. ಫೇಜ್ ಹಿಡಿದುಕೊಳ್ಳುವ ಮೈಮೇಲಿನ ಕೊಂಡಿಯನ್ನೇ ಕೆಲವು ಬದಲಿಸಿಕೊಂಡಿರುತ್ತವೆ. ಒಳನುಗ್ಗಿದ ಡಿಎನ್‌ಎಯನ್ನು ಕತ್ತರಿಸುವ ಕಿಣ್ವ ಕೆಲವಕ್ಕೆ ಇರುತ್ತದೆ. ಮೊಸರಿನ ಹೆಪ್ಪಿನಲ್ಲಿರುವ ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಇನ್ನೂ ಜಾಣ: ದಾಳಿ ಮಾಡಿದ ಫೇಜ್‌ನ ಡಿಎನ್‌ಎ ತುಣುಕನ್ನು ತನ್ನೊಳಗೆ ಕೂಡಿಟ್ಟು, ಮುಂದಿನ ಸಲ ಗುರುತು ಹಿಡಿಯುತ್ತದೆ. ಈ ರಕ್ಷಣೆಯ ಹೆಸರೇ ಇಂದು ಎಲ್ಲೆಡೆ ಕೇಳುವ ಕ್ರಿಸ್ಪರ್. ಅದರ ಈ ಕೆಲಸ 2007ರಲ್ಲಿ ಪ್ರಯೋಗದಿಂದ ಸಾಬೀತಾದದ್ದು ಇದೇ ಹೆಪ್ಪಿನ ಬ್ಯಾಕ್ಟೀರಿಯಾದಲ್ಲಿ. ಫೇಜ್ ನುಗ್ಗಿದರೆ ಡೇರಿಯ ಹೆಪ್ಪು ಕೆಡುತ್ತದೆ, ಹಾಗಾಗಿ ಆ ಉದ್ಯಮಕ್ಕೆ ಇದು ದುಡ್ಡಿನ ಪ್ರಶ್ನೆಯೂ ಆಗಿತ್ತು.

ಹೀಗೆ ತಪ್ಪಿಸಿಕೊಂಡದ್ದಕ್ಕೆ ಬ್ಯಾಕ್ಟೀರಿಯಾ ಬೆಲೆಯನ್ನೂ ತೆರುತ್ತದೆ, ನನಗೆ ಅತ್ಯಂತ ಇಷ್ಟವಾದ ಭಾಗ ಅದು. ಸ್ಯೂಡೋಮೊನಾಸ್ ಎಂಬ ರೋಗಕಾರಕ ಬ್ಯಾಕ್ಟೀರಿಯಾ ತನ್ನೊಳಗೆ ಬಂದ ಆ್ಯಂಟಿಬಯಾಟಿಕ್ ಅನ್ನು ಒಂದು ಪಂಪಿನಿಂದ ಹೊರಹಾಕುತ್ತದೆ. 2016ರಲ್ಲಿ ವರದಿಯಾದ ಒಂದು ಫೇಜ್ ಅದೇ ಪಂಪನ್ನು ಹಿಡಿದು ಒಳಹೋಗುತ್ತದೆ. ಫೇಜ್‌ನಿಂದ ಉಳಿಯಲು ಪಂಪನ್ನು ಬದಲಿಸಿಕೊಂಡ ಬ್ಯಾಕ್ಟೀರಿಯಾ ಹಳೆಯ ಔಷಧಿಗೆ ಮತ್ತೆ ಬಲಿಯಾಗುತ್ತದೆ.

ಎಲ್ಲ ಫೇಜ್‌ಗಳೂ ಕೊಲ್ಲುವುದಿಲ್ಲ ಎಂಬುದೂ ಗೊತ್ತಿರಲಿ. ಕೆಲವು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲೇ ಬಿಡಾರ ಹೂಡುತ್ತವೆ. ಕಾಲರಾ ರೋಗಾಣುವಿಗೆ ವಿಷದ ಜೀನು ಬಂದದ್ದು ಅಂಥ ಫೇಜ್‌ನಿಂದ. ಕೊಲ್ಲುವ ಫೇಜ್ ಕೂಡ ಬಲು ಚೂಸಿ: ಒಂದು ಇ. ಕೋಲೈ ತಳಿಯನ್ನು ಮುಗಿಸುವುದು ಪಕ್ಕದ ತಳಿಯನ್ನು ತಿರುಗಿಯೂ ನೋಡುವುದಿಲ್ಲ. ಆದ್ದರಿಂದ ರೋಗಿಯ ಬ್ಯಾಕ್ಟೀರಿಯಾಕ್ಕೆ ಹೊಂದುವ ಫೇಜ್ ಹುಡುಕಿ, ಶುದ್ಧ ಮಾಡಿ, ಆಮೇಲೆ ಕೊಡಬೇಕು. ಜಾರ್ಜಿಯಾ ದೇಶದ ಟಿಬಿಲಿಸಿಯಲ್ಲಿ ಈ ಕೆಲಸಕ್ಕೆ ಹೆಸರಾದ, 1923ರಲ್ಲಿ ಶುರುವಾದ ಸಂಸ್ಥೆ ಇದೆ. 2016ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಸಾಯುವ ಹಂತದಲ್ಲಿದ್ದ ಒಬ್ಬ ರೋಗಿ ಹೀಗೆ ಆಯ್ದ ಫೇಜ್‌ಗಳ ಮಿಶ್ರಣದಿಂದ ಉಳಿದರು. ಬಾಟಲಿಯ ನೀರಿನಲ್ಲಿ ಈ ಆಯ್ಕೆಯೂ ಇಲ್ಲ, ಶುದ್ಧಿಯೂ ಇಲ್ಲ.

ತಂದೆಯವರ ಮೂತ್ರದ ಕಲ್ಚರ್ ಪರೀಕ್ಷೆ ಆಗದಿದ್ದರೆ ಈಗ ಮಾಡಿಸಿ. ಯಾವ ಬ್ಯಾಕ್ಟೀರಿಯಾ, ಯಾವ ಔಷಧಿಗೆ ಬಗ್ಗುತ್ತದೆ ಎಂಬುದು ಆ ವರದಿಯಲ್ಲಿರುತ್ತದೆ. ಅದನ್ನು ವೈದ್ಯರಿಗೆ ತೋರಿಸಿ. ಜ್ವರ, ಚಳಿ ಬಂದರೆ ಕಾಯಬೇಡಿ. ಗಂಗಾಜಲ ದೇವರ ಮನೆಯಲ್ಲೇ ಇರಲಿ.